ಕ್ಷೇಮ ಮತ್ತು ಕ್ಷೇತ್ರ: ಮೂರು ಕಪಾಟುಗಳನ್ನು ಒಟ್ಟಿಗೆ ಓದುವ ಬಗೆ

ನಮ್ಮ ಪುಸ್ತಕದಂಗಡಿಗಳಲ್ಲಿ ಮೂರು ಬಗೆಯ ಪುಸ್ತಕಗಳನ್ನು ಮೂರು ಕಪಾಟುಗಳಲ್ಲಿ ಇಟ್ಟಿರುತ್ತಾರೆ. ಒಂದರಲ್ಲಿ ಭಾರತೀಯ ದರ್ಶನದ ಗ್ರಂಥಗಳು: ಉಪನಿಷತ್ತುಗಳು, ಗೀತಾಭಾಷ್ಯಗಳು, ಷಡ್ದರ್ಶನಗಳ ಪರಿಚಯ. ಇನ್ನೊಂದರಲ್ಲಿ ನೆಮ್ಮದಿ, ಆರೋಗ್ಯ, ಯಶಸ್ಸು, ವ್ಯಕ್ತಿತ್ವ ವಿಕಸನದ ಪುಸ್ತಕಗಳು. ಮೂರನೆಯದು ಮೂಲೆಯಲ್ಲಿರುತ್ತದೆ. ಅಲ್ಲಿ ಕಂದಾಯ, ನೀರಾವರಿ, ಬರಗಾಲ, ವ್ಯಾಪಾರ, ಕೂಲಿಗಳ ಚರಿತ್ರೆ ಇರುತ್ತದೆ. ಮೊದಲನೆಯದಕ್ಕೆ ಗೌರವ ಹೆಚ್ಚು, ಎರಡನೆಯದಕ್ಕೆ ಗಿರಾಕಿಗಳು ಹೆಚ್ಚು, ಮೂರನೆಯದನ್ನು ಕೇಳುವವರು ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಮಾತ್ರ. ಈ ಮೂರೂ ಕಪಾಟುಗಳು ಒಂದೇ ಪ್ರಶ್ನೆಯನ್ನು ಕೇಳುತ್ತಿವೆ: ಮನುಷ್ಯ ಚೆನ್ನಾಗಿ ಬದುಕುವುದು ಎಂದರೇನು? ಆದರೆ ಅವು ಒಂದರೊಡನೊಂದು ಮಾತಾಡುವುದಿಲ್ಲ. ಈ ಮಾತು ನಿಂತುಹೋಗಿರುವುದರಿಂದ ಮೂರಕ್ಕೂ ನಷ್ಟವಾಗಿದೆ ಎಂಬುದು ನಮ್ಮ ವಾದ.

ಇದನ್ನು ಗಾಳಿಯಲ್ಲಿ ಚರ್ಚಿಸಿ ಫಲವಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕುಗಳನ್ನು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರನ್ನು, ಎದುರಿಗಿಟ್ಟುಕೊಂಡು ಈ ಪುಸ್ತಕಗಳನ್ನು ಓದೋಣ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಈ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು; ಜಗಳೂರು ಚಿತ್ರದುರ್ಗದಿಂದ ಬಂತು; ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲೂಕಾಯಿತು. ಒಂದು ಕಡೆ ಮಲೆನಾಡಿನ ಸೆರಗು, ನಡುವೆ ತುಂಗಭದ್ರೆ, ಇನ್ನೊಂದು ಕಡೆ ಮೋಡ ನೋಡುತ್ತಾ ಕೂರುವ ಬಯಲು. ಜಿಲ್ಲಾಡಳಿತ ಒಂದೇ, ನೀರಿನ ಲೆಕ್ಕ ಮಾತ್ರ ಬೇರೆ ಬೇರೆ.

ಮೊದಲು ಒಂದು ಪದವನ್ನು ಗಮನಿಸೋಣ. ಫೋನು ಬರುವ ಮುಂಚೆ ನಮ್ಮ ಊರುಗಳಲ್ಲಿ ಬರೆಯುತ್ತಿದ್ದ ಕಾಗದಗಳೆಲ್ಲ 'ಯೋಗಕ್ಷೇಮ'ದಿಂದ ಶುರುವಾಗುತ್ತಿದ್ದವು. ನಾವು ಇಲ್ಲಿ ಕ್ಷೇಮ, ನಿಮ್ಮ ಯೋಗಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರುವುದು ಎಂಬ ಒಕ್ಕಣೆ ಗೊತ್ತಿಲ್ಲದವರಿಲ್ಲ. ಈ ಪದ ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. 1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮ ತನ್ನ ಧ್ಯೇಯವಾಕ್ಯವನ್ನು ತೆಗೆದುಕೊಂಡದ್ದು ಅಲ್ಲಿಂದಲೇ. ಶಂಕರರ ಭಾಷ್ಯ ಈ ಪದವನ್ನು ಸರಳವಾಗಿ ಬಿಡಿಸುತ್ತದೆ. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಯಾವ ರೈತನೂ ಒಪ್ಪುವ ಅರ್ಥ ಇದು. ಮಳೆ ಬರಬೇಕು, ಬಂದ ನೀರು ನಿಲ್ಲಬೇಕು.

'ಕ್ಷೇಮ' ಮತ್ತು 'ಕ್ಷೇತ್ರ' ಎರಡೂ 'ಕ್ಷಿ' ಎಂಬ ಒಂದೇ ಧಾತುವಿನಿಂದ ಬಂದವು. ನೆಲೆಸು, ವಾಸಿಸು ಎಂಬುದು ಅದರ ಅರ್ಥ. ನೆಲೆಸಲು ಒಂದು ಹೊಲವಿದ್ದರೆ ಅದು ಕ್ಷೇತ್ರ. ಅಲ್ಲಿ ಭಯವಿಲ್ಲದೆ ನೆಲೆಸಿದರೆ ಅದು ಕ್ಷೇಮ. ಇತ್ತ ನಮ್ಮ ಮಸೀದಿಗಳ ಮಿನಾರಿನಿಂದ ದಿನಕ್ಕೆ ಐದು ಸಲ ಕೇಳುವ ಅಜಾನ್ ಜನರನ್ನು ನಮಾಝಿಗೂ 'ಫಲಾಹ್'ಗೂ ಕರೆಯುತ್ತದೆ. ಫಲಾಹ್ ಎಂದರೆ ಯಶಸ್ಸು, ವಿಜಯ, ಕಲ್ಯಾಣ ಎಂದೆಲ್ಲ ಅನುವಾದ ಮಾಡುತ್ತೇವೆ. ಅದೇ ಅರಬ್ಬಿ ಧಾತುವಿನಿಂದ ಬಂದ ಇನ್ನೊಂದು ಪದ 'ಫಲ್ಲಾಹ್', ಅಂದರೆ ಒಕ್ಕಲಿಗ. ಸೀಳು, ನೆಲವನ್ನು ಉಳು ಎಂಬುದು ಆ ಧಾತುವಿನ ಮೂಲಾರ್ಥ. ಸಂಸ್ಕೃತ ಮತ್ತು ಅರಬ್ಬಿ ನಂಟಿಲ್ಲದ ಎರಡು ಭಾಷೆಗಳು. ಆದರೂ ಎರಡರಲ್ಲೂ ಒಳಿತನ್ನು ಹೇಳುವ ಪದ ಹೊಲದ ಬದುವಿನಲ್ಲಿ ಹುಟ್ಟಿದೆ. ಇದರಿಂದ ಧರ್ಮಗಳ ಏಕತೆಯನ್ನು ಸಾಧಿಸಿ ತೋರಿಸುವ ಅವಸರ ನಮಗಿಲ್ಲ. ಎರಡೂ ನಾಗರಿಕತೆಗಳು ಮನುಷ್ಯನ ಒಳಿತನ್ನು ನೆಲದಿಂದ ಬಿಡಿಸಿ ನೋಡಿರಲಿಲ್ಲ ಎಂಬುದಷ್ಟೇ ನಮಗೆ ಮುಖ್ಯ. ಬಿಡಿಸಿದವರು ಆಮೇಲೆ ಬಂದವರು. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಕ್ಷೇತ್ರವೆಂದರೆ ಶರೀರ ಎಂದಾಯಿತು. ರೂಪಕವಾಗಿ ಅದು ದೊಡ್ಡದೇ. ಆದರೆ ರೂಪಕವನ್ನು ಉಳಿಸಿಕೊಂಡ ವ್ಯಾಖ್ಯಾನಕಾರರು ಹೊಲವನ್ನು ಮರೆತರು, ಉಳುವವನನ್ನೂ ಮರೆತರು.

ಈ ಮರೆವು ನಮ್ಮ ಅತ್ಯುತ್ತಮ ದರ್ಶನ ಗ್ರಂಥಗಳಲ್ಲೂ ಇದೆ. ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ತತ್ವಶಾಸ್ತ್ರದ ರೂಪರೇಖೆ ಇವತ್ತಿಗೂ ಸವೆಯದ ಪುಸ್ತಕ. ಒಂದು ಅನಗತ್ಯ ಪದವಿಲ್ಲ, ಒಂದು ಪೊಳ್ಳು ಹೆಮ್ಮೆಯ ಸಾಲಿಲ್ಲ. ನಮ್ಮಲ್ಲಿ ತತ್ವಚಿಂತನೆ ಬರೀ ಕುತೂಹಲದಿಂದ ಹುಟ್ಟಲಿಲ್ಲ, ಬದುಕಿನಲ್ಲಿರುವ ಕೇಡು ಮತ್ತು ಕಷ್ಟಗಳ ಒತ್ತಡದಿಂದ ಹುಟ್ಟಿತು ಎಂಬ ಅರ್ಥದ ಮಾತನ್ನು ಅವರು ಆರಂಭದಲ್ಲೇ ಹೇಳುತ್ತಾರೆ. ಇದು ಬಹಳ ದೊಡ್ಡ ಮಾತು. ಆದರೆ ಪುಸ್ತಕ ಮುಂದುವರಿದಂತೆ ಆ ಕಷ್ಟ ಯಾವುದು, ಯಾರದು, ಎಲ್ಲಿಂದ ಬಂತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಮಾಣ, ಪ್ರಮೇಯ, ಮೋಕ್ಷಗಳ ವಿವೇಚನೆ ಮುಂದೆ ಬರುತ್ತದೆ. ಹಿರಿಯಣ್ಣನವರು ಹುಟ್ಟಿದ್ದು 1871ರಲ್ಲಿ. ಅದೇ ವರ್ಷದ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯ ಹೊತ್ತಿಗೆ ಅದು 42 ಲಕ್ಷಕ್ಕೂ ಕೆಳಗಿಳಿಯಿತು. ನಡುವೆ ಬಂದದ್ದು 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾ ಬರ. ಆ ತಲೆಮಾರಿನ ಮಕ್ಕಳು ಹಸಿವಿನ ನೆನಪಿನ ನಡುವೆಯೇ ಬೆಳೆದವರು. 'ದುಃಖ' ಎಂಬುದು ಅವರಿಗೆ ಬರೀ ಪಾರಿಭಾಷಿಕ ಪದವಾಗಿರಲು ಸಾಧ್ಯವಿಲ್ಲ. ಆದರೂ ಆ ಬರ ದರ್ಶನದ ಪುಸ್ತಕದೊಳಗೆ ಬರುವುದಿಲ್ಲ. ಇದು ಹಿರಿಯಣ್ಣನವರೊಬ್ಬರ ಮಿತಿಯಲ್ಲ, ಆ ಜ್ಞಾನಶಿಸ್ತೇ ಹಾಕಿಕೊಂಡ ಬೇಲಿ.

ಬೇಲಿಯ ಆಚೆ ಇನ್ನೊಂದು ಬಗೆಯ ಪುಸ್ತಕವಿದೆ. ಟಿಪ್ಪು 1799ರಲ್ಲಿ ಮಡಿದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಕಥನ ಪ್ರಕಟಿಸಿದ. ಹರಿಹರ, ದಾವಣಗೆರೆಗಳ ದಾರಿಯಲ್ಲೂ ಆತ ಹಾದುಹೋದ. ದಾವಣಗೆರೆಯ ಕಂಬಳಿ ವ್ಯಾಪಾರವನ್ನು ಗಮನಿಸಿದ. ಎಷ್ಟು ನೇಗಿಲು, ಎಷ್ಟು ಬೀಜ, ಯಾವ ಮಣ್ಣು, ಯಾವ ಜಾತಿ, ಯಾವ ದರ ಎಂದು ಅವನು ಬರೆಯದ ವಿವರವಿಲ್ಲ. ಕರ್ನಾಟಕದ ಆರ್ಥಿಕ ಚರಿತ್ರೆ ಬರೆಯುವವರೆಲ್ಲ ಇವನ ಋಣದಲ್ಲಿದ್ದಾರೆ. ಆದರೆ ಇವನ ಕಣ್ಣು ಹೊಸದಾಗಿ ಗೆದ್ದ ನಾಡಿನ ಉತ್ಪತ್ತಿಯನ್ನು ಅಂದಾಜು ಮಾಡುವ ಕಂಪನಿಯ ಕಣ್ಣು. ಒಕ್ಕಲಿಗ ಎಷ್ಟು ಬೆಳೆಯುತ್ತಾನೆ ಎಂದು ಕೇಳುತ್ತಾನೆ. ಅವನಿಗೆ ಬದುಕು ಏನೆನ್ನಿಸುತ್ತದೆ ಎಂದು ಕೇಳುವುದಿಲ್ಲ. ಹಿರಿಯಣ್ಣನವರಲ್ಲಿ ಹೊಲವಿಲ್ಲದ ಕ್ಷೇಮವಿದೆ, ಬುಕಾನನನಲ್ಲಿ ಕ್ಷೇಮವಿಲ್ಲದ ಹೊಲವಿದೆ. ನಮ್ಮ ಎರಡು ಕಪಾಟುಗಳ ಇವತ್ತಿನ ಅಂತರ ಇದೇ.

ಇವೆರಡರ ನಡುವೆ ಸೇತುವೆಯಾಗಬಹುದಾಗಿದ್ದ ಗ್ರಂಥವೊಂದು ಮೈಸೂರಿನಲ್ಲೇ ಬೆಳಕು ಕಂಡಿತು. ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಇಲ್ಲಿಯೂ 'ಯೋಗಕ್ಷೇಮ' ಎಂಬ ಪದವಿದೆ. ಆದರೆ ಇಲ್ಲಿ ಅದು ಭಕ್ತನಿಗೆ ದೇವರು ಕೊಡುವ ಅಭಯವಲ್ಲ, ತೆರಿಗೆ ಪಡೆದ ರಾಜ ಪ್ರಜೆಗೆ ತೀರಿಸಬೇಕಾದ ಬಾಕಿ. ಹೊಸ ಕೆರೆ ಕಟ್ಟೆಗಳನ್ನು ಕಟ್ಟಿದವರಿಗೆ ಐದು ವರ್ಷ, ಹಾಳುಬಿದ್ದ ಕೆರೆ ದುರಸ್ತಿ ಮಾಡಿದವರಿಗೆ ನಾಲ್ಕು ವರ್ಷ ಕಂದಾಯ ಮಾಫಿ ಎಂಬ ನಿಯಮವೂ ಅಲ್ಲಿದೆ. ಇದೇ ಗ್ರಂಥ ಗೂಢಚಾರಿಕೆಯನ್ನೂ ಕ್ರೂರ ಶಿಕ್ಷೆಗಳನ್ನೂ ವರ್ಣಭೇದವನ್ನೂ ಶಾಸ್ತ್ರ ಮಾಡಿದೆ, ಅದನ್ನು ಮರೆಯಬೇಕಿಲ್ಲ. ಆದರೆ ಇವತ್ತು ಎರಡನೆಯ ಕಪಾಟಿನಲ್ಲಿ ಕೌಟಿಲ್ಯನಿಗೆ ಆಗಿರುವ ಗತಿ ನೋಡಿ. 'ಚಾಣಕ್ಯ ನೀತಿ'ಯ ಹೆಸರಿನಲ್ಲಿ ಶತ್ರುವನ್ನು ಗೆಲ್ಲುವುದು, ದುಡ್ಡು ಮಾಡುವುದು, ಆಫೀಸಿನಲ್ಲಿ ಮೇಲೇರುವುದು ಹೇಗೆಂದು ಹೇಳುವ ಪುಸ್ತಕಗಳು ರಾಶಿ ಬಿದ್ದಿವೆ. ಕೆರೆಯ ಕಲಂ ಮಾತ್ರ ಅವುಗಳಲ್ಲಿಲ್ಲ.

ಕೆರೆಯ ಮಾತು ಬಂದ ಮೇಲೆ ಚನ್ನಗಿರಿಗೆ ಹೋಗಲೇಬೇಕು. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಏರಿ ಹಾಕಿ ನಿಲ್ಲಿಸಿದ ಸೂಳೆಕೆರೆ ತುಂಬಿದಾಗ ಸುಮಾರು 6,550 ಎಕರೆ ನೀರು ಹರಡುತ್ತದೆ. ಏರಿ ಉದ್ದವಿಲ್ಲ, ಜಾಗ ಆರಿಸಿದ ಬುದ್ಧಿ ದೊಡ್ಡದು. ಅದರ ತೂಬುಗಳ ಹೆಸರು ಸಿದ್ಧ ಮತ್ತು ಬಸವ. ಶತಮಾನಗಳ ಪ್ರವಾಹವನ್ನು ಆ ಏರಿ ತಡೆದುಕೊಂಡಿದೆ. ಅಚ್ಚುಕಟ್ಟಿಗೆ ನೀರುಣಿಸುವುದರ ಜೊತೆಗೆ ಚಿತ್ರದುರ್ಗದ ಜನರ ಬಾಯಾರಿಕೆಯನ್ನೂ ಅದು ತಣಿಸಿದೆ. ಐತಿಹ್ಯದ ಒಂದು ಪಾಠದಂತೆ ರಾಜಕುಮಾರಿ ಶಾಂತವ್ವ ಸಿದ್ಧನೊಬ್ಬನ ಸಂಗ ಮಾಡಿದಳು. ತಂದೆ ಅವಳನ್ನು ಸೂಳೆಯೆಂದು ಬೈದ. ಅವಳು ಕೆರೆ ಕಟ್ಟಿಸಲು ಹೊರಟಳು. ಮುಳುಗಬೇಕಾದ ಜಾಗದಲ್ಲಿ ಸೂಳೆಯರ ಮನೆಗಳಿದ್ದವು. ಕೆರೆಗೆ ತಮ್ಮ ಹೆಸರಿಡುವುದಾದರೆ ಜಾಗ ಬಿಟ್ಟುಕೊಡುತ್ತೇವೆ ಎಂದು ಅವರು ಷರತ್ತು ಹಾಕಿದರು.

ಇದನ್ನು ಆರ್ಥಿಕ ಚರಿತ್ರೆಯಾಗಿ ಓದಿದರೆ ಮುಳುಗಡೆಯಾದವರ ಪರಿಹಾರದ ಕತೆ. ದರ್ಶನವಾಗಿ ಓದಿದರೆ ಬೈಗುಳವನ್ನೇ ಸ್ವೀಕರಿಸಿ ನೀರು ಮಾಡಿದವಳ ಕತೆ. ಕ್ಷೇಮದ ಪಾಠವಾಗಿ ಓದಿದರೆ ಊರಿನ ಮಾನವಂತರೆಲ್ಲ ಕೀಳಾಗಿ ಕಂಡವರ ಹೆಸರಿನಲ್ಲೇ ಊರಿನ ಮಾನವಂತರೆಲ್ಲ ನೀರು ಕುಡಿದ ಕತೆ. ಈ ಮೂರು ಓದುಗಳೂ ಒಟ್ಟಿಗೆ ಬಂದಾಗ ಮಾತ್ರ ಐತಿಹ್ಯ ತುಂಬಿ ನಿಲ್ಲುತ್ತದೆ. ಈಗ ಕೆರೆಗೆ 'ಶಾಂತಿಸಾಗರ' ಎಂಬ ಸಭ್ಯ ಹೆಸರು ಬಂದಿದೆ. ಶಾಂತವ್ವನ ನೆನಪು ಅದರಲ್ಲಿದೆ ಎಂಬುದು ನಿಜ. ಆದರೆ ಜಾಗ ಬಿಟ್ಟುಕೊಟ್ಟ ಹೆಂಗಸರ ಷರತ್ತನ್ನು ನಾವು ಮುರಿದೆವು ಎಂಬುದೂ ನಿಜ.

ಅದೇ ತಾಲೂಕಿನ ಸಂತೆಬೆನ್ನೂರಿನಲ್ಲಿ ಇನ್ನೊಂದು ನೀರಿದೆ. ಹನುಮಪ್ಪ ನಾಯಕನ ಕಾಲದ ಪುಷ್ಕರಿಣಿ, ಅದರ ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಮಂಟಪದ ಕಮಾನುಗಳಲ್ಲಿ ಬಿಜಾಪುರದ ವಾಸ್ತುವಿನ ನೆರಳಿದೆ. ರೈಸನ ಗೆಜೆಟಿಯರು ಬಿಜಾಪುರದ ರಣದುಲ್ಲಾ ಖಾನನ ದಂಡು ದೇವಾಲಯ ಕೆಡವಿ ಇಲ್ಲಿ ಮಸೀದಿ ಎಬ್ಬಿಸಿದ್ದನ್ನೂ ನಾಯಕರ ಕಡೆಯವರು ಸೇಡು ತೀರಿಸಿಕೊಂಡದ್ದನ್ನೂ ದಾಖಲಿಸುತ್ತದೆ. ಇದನ್ನು ಮುಸ್ಲಿಮರಾದ ನಾವು ಮುಚ್ಚಿಡಬೇಕಾಗಿಲ್ಲ. ದಂಡು ಮಾಡಿದ್ದನ್ನು ದೀನ್ ಮಾಡಿತೆಂದು ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯ ಮೇಲೆ ನಡೆದ ಕಾಳಗಗಳು ಕಂದಾಯಕ್ಕಾಗಿ, ವ್ಯಾಪಾರದ ದಾರಿಗಳಿಗಾಗಿ, ಕೋಟೆಗಳಿಗಾಗಿ ನಡೆದವು. ಆರ್ಥಿಕ ಚರಿತ್ರೆಯನ್ನು ಬಿಟ್ಟು ಇವುಗಳನ್ನು ಓದಿದರೆ ಉಳಿಯುವುದು ಎರಡು ಧರ್ಮಗಳ ಜಗಳ ಮಾತ್ರ. ನಮ್ಮ ಕಾಲದ ಅನೇಕ ಜನಪ್ರಿಯ ಚರಿತ್ರೆ ಪುಸ್ತಕಗಳು ಮಾಡುವುದು ಅದನ್ನೇ. ಸೋತವರು ಯಾರು, ಗೆದ್ದವರು ಯಾರು ಎಂದು ಅವು ಹೇಳುತ್ತವೆ; ಆ ಹೊಂಡದ ಕಲ್ಲು ಹೊತ್ತವರು ಯಾರು, ಹೂಳು ತೆಗೆದವರು ಯಾರು ಎಂದು ಹೇಳುವುದಿಲ್ಲ. 'ಮುಸಾಫಿರ್' ಎಂದರೆ ದಾರಿಹೋಕ. ದಾರಿಹೋಕನಿಗೆ ನೀರೂ ನೆರಳೂ ಬೇಕು. ಎರಡೂ ಅಲ್ಲಿ ಎದುರುಬದುರು ನಿಂತಿವೆ.

ಇನ್ನು ಚನ್ನಗಿರಿಯ ಇವತ್ತಿನ ಸಮೃದ್ಧಿಯನ್ನು ನೋಡೋಣ. ಅದರ ಹೆಸರು ಅಡಿಕೆ. ಭತ್ತದ ಗದ್ದೆಗಳೂ ಖುಷ್ಕಿ ಹೊಲಗಳೂ ತೋಟಗಳಾಗಿವೆ. ಬೋರ್‌ವೆಲ್‌ಗಳು ಆಳಕ್ಕೆ ಇಳಿದಿವೆ. ಅಡಿಕೆಯ ಹಣದಿಂದ ಮನೆಗಳೆದ್ದಿವೆ, ಮಕ್ಕಳು ಇಂಜಿನಿಯರುಗಳಾಗಿದ್ದಾರೆ. ಸಹಕಾರ ಸಂಘದ ಮೂಲಕ ಬೆಳೆಗಾರ ದಲ್ಲಾಳಿಯ ಹಿಡಿತದಿಂದ ಬಿಡಿಸಿಕೊಂಡದ್ದೂ ಉಂಟು. ಸುಲಿಗೆ, ಕೊನೆ ತೆಗೆಯುವುದು, ಬೇಯಿಸುವುದು, ಸಾಗಣೆ ಇವುಗಳಲ್ಲಿ ಎಷ್ಟೋ ಬಡ ಕುಟುಂಬಗಳ, ಮುಸ್ಲಿಂ ಕುಟುಂಬಗಳೂ ಸೇರಿ, ಕೂಲಿ ನಿಂತಿದೆ. ವೀಳ್ಯದೆಲೆ ಅಡಿಕೆಯಿಲ್ಲದೆ ನಮ್ಮಲ್ಲಿ ಮದುವೆ ಮಾತುಕತೆ ಮುಗಿಯುವುದಿಲ್ಲ, ಅದು ಯಾವ ಧರ್ಮದ ಮದುವೆಯಾದರೂ ಸರಿ.

ಆದರೆ ಈ ಅಡಿಕೆ ಹೋಗುವುದು ಎಲ್ಲಿಗೆ? ಅದರ ದೊಡ್ಡ ಪಾಲು ಉತ್ತರ ಭಾರತದ ಗುಟ್ಕಾ, ಪಾನ್ ಮಸಾಲ ಕಾರ್ಖಾನೆಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪಿಲ್ಲ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು; ಆಮೇಲೆ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಅಂಗಡಿಗೆ ಬಂದವು. ಅದನ್ನು ಅಗಿಯುವವರಲ್ಲಿ ಹೆಚ್ಚಿನವರು ಲಾರಿ ಡ್ರೈವರುಗಳು, ಹಮಾಲರು, ಗಾರೆ ಕೆಲಸದವರು, ಹಸಿವನ್ನು ಸ್ವಲ್ಪ ಹೊತ್ತು ಮುಂದೂಡಬೇಕಾದ ಜನ.

ಅಡಿಕೆ ಬೆಳೆಗಾರನನ್ನು ಇಲ್ಲಿ ಅಪರಾಧಿಯ ಜಾಗದಲ್ಲಿ ನಿಲ್ಲಿಸುವುದು ಸುಲಭ, ಅನ್ಯಾಯವೂ ಹೌದು. ಭತ್ತಕ್ಕೆ, ಜೋಳಕ್ಕೆ ಬೆಲೆ ಕೊಡದ ಸಮಾಜ ಅವನನ್ನು ಅಲ್ಲಿಗೆ ತಳ್ಳಿದೆ. ಆದರೆ ಒಬ್ಬನ ಯೋಗಕ್ಷೇಮ ಇನ್ನೊಬ್ಬನ ಬಾಯಿಯ ಹುಣ್ಣಾಗಬಹುದೇ ಎಂಬುದು ಶುದ್ಧ ದರ್ಶನದ ಪ್ರಶ್ನೆ. ನೆಮ್ಮದಿಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಅವುಗಳಲ್ಲಿ 'ಇನ್ನೊಬ್ಬ'ನೇ ಇಲ್ಲ. ಉಸಿರಾಟ ಸರಿಮಾಡಿಕೊಳ್ಳಿ, ಸಕಾರಾತ್ಮಕವಾಗಿ ಯೋಚಿಸಿ, ಬೆಳಿಗ್ಗೆ ಬೇಗ ಏಳಿ ಎಂದು ಅವು ಹೇಳುತ್ತವೆ. ಒಳ್ಳೆಯ ಸಲಹೆಗಳೇ. ಆದರೆ ದುಡ್ಡು ಎಲ್ಲಿಂದ ಬಂತು ಎಂದು ಕೇಳದ ನೆಮ್ಮದಿ ಅರ್ಧ ನೆಮ್ಮದಿ.

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಅದು ವೈರಾಗ್ಯದ ಮಾತಲ್ಲ. ಅವಳು ಕಾಯಕ ಬಿಡೆನ್ನಲಿಲ್ಲ. ಆಸೆ ಬಡವರಿಗೂ ಅಂಟಬಹುದು ಎಂದು ಎಚ್ಚರಿಸಿದಳು. 1377ರಲ್ಲಿ 'ಮುಕದ್ದಿಮಾ' ಬರೆದ ಇಬ್ನ್ ಖಲ್ದೂನ್ ಇದನ್ನೇ ಬೇರೆ ದಾರಿಯಿಂದ ಮುಟ್ಟುತ್ತಾನೆ. ಮನುಷ್ಯ ಗಳಿಸಿದ್ದರಲ್ಲಿ ಅವನು ಬಳಸಿ ಪ್ರಯೋಜನ ಪಡೆದದ್ದು ಮಾತ್ರ 'ರಿಜ್ಕ್'. ಉಳಿದದ್ದು 'ಕಸ್ಬ್', ಬರೀ ಗಳಿಕೆ. ಗಳಿಕೆಯ ಬೆಲೆ ಹುಟ್ಟುವುದು ಮನುಷ್ಯನ ದುಡಿಮೆಯಿಂದ ಎಂದೂ ಅವನು ಹೇಳುತ್ತಾನೆ. ಲಕ್ಕಮ್ಮ ಮತ್ತು ಇಬ್ನ್ ಖಲ್ದೂನರನ್ನು ಒಂದೇ ಪುಟದಲ್ಲಿಟ್ಟು ಓದುವ ಪುಸ್ತಕ ಕನ್ನಡಕ್ಕೆ ಬೇಕಾಗಿದೆ. ಒಬ್ಬಳು ಅಕ್ಕಿ ಆಯುತ್ತಿದ್ದವಳು, ಇನ್ನೊಬ್ಬ ಸುಲ್ತಾನರ ಆಸ್ಥಾನಗಳಲ್ಲಿ ಓಡಾಡಿದವನು. ಪ್ರಶ್ನೆ ಮಾತ್ರ ಒಂದೇ.

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಪ್ರತಿ ಫೆಬ್ರವರಿಯಲ್ಲಿ ಲಕ್ಷಾಂತರ ಜನ ಅಲ್ಲಿ ಸೇರುತ್ತಾರೆ. ಬಂಜಾರರ ಚರಿತ್ರೆಯನ್ನು ಬಿಟ್ಟು ಭಾರತದ ಆರ್ಥಿಕ ಚರಿತ್ರೆ ಬರೆಯಲಾಗದು. ರೈಲು ಬರುವ ಮುಂಚೆ ಧಾನ್ಯ, ಉಪ್ಪುಗಳನ್ನು ಸಾವಿರಾರು ಎತ್ತುಗಳ ಮೇಲೆ ಹೇರಿಕೊಂಡು ಉಪಖಂಡದ ಉದ್ದಗಲಕ್ಕೆ ಸಾಗಿಸಿದವರು ಅವರು. ಆ ಸಾಗಾಟವನ್ನು ಅವರು 'ಲದೇಣಿ' ಎಂದರು. ಮೈಸೂರು ಯುದ್ಧಗಳಲ್ಲಿ ದಂಡುಗಳ ಹೊಟ್ಟೆ ತುಂಬಿದ್ದು ಅವರಿಂದ. ರಸ್ತೆ, ರೈಲು, ಉಪ್ಪಿನ ಮೇಲಿನ ಸರ್ಕಾರಿ ಹಿಡಿತ ಬಂದಂತೆ ಲದೇಣಿ ನಿಂತಿತು. 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟು ಕಾನೂನುಗಳು ಇಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಅನುಮಾನಿಸಿದವು. ಹೀಗೆ ಒಂದು ಸಮುದಾಯದ ಕಸುಬು ಹೋಯಿತು, ಹಿಂದೆಯೇ ಮಾನವೂ ಹೋಯಿತು.

ಒಂದು ಬೋಗುಣಿ ನೀರು ಒಂದು ರೂಪಾಯಿಗೆ ಮಾರಾಟವಾಗುವ ಕಾಲ ಬರುತ್ತದೆ ಎಂದು ಸೇವಾಲಾಲರು ನುಡಿದಿದ್ದರು ಎಂಬುದು ತಾಂಡಾಗಳ ನಂಬಿಕೆ. ಇದನ್ನು ಕಾಲಜ್ಞಾನದ ಪವಾಡವೆಂದು ಮೆಚ್ಚಿಕೊಳ್ಳುವವರಿದ್ದಾರೆ. ನಮಗೆ ಇದು ಪವಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜೀವಮಾನವಿಡೀ ಮಾರುವುದು, ಕೊಳ್ಳುವುದೇ ಕಸುಬಾಗಿದ್ದ ಸಮುದಾಯವೊಂದು ಮಾರಬಾರದ ವಸ್ತು ಒಂದಿದೆ ಎಂದು ತನ್ನ ಸಂತನ ಬಾಯಲ್ಲಿ ಹೇಳಿಸಿದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಎಲ್ಲರಿಗೂ ಪಾಲಿದೆ ಎಂಬ ಆಶಯದ ಹದೀಸು ಬಂದದ್ದೂ ವ್ಯಾಪಾರಿಗಳ ಸಮಾಜದಲ್ಲೇ ಎಂಬುದನ್ನು ನೆನೆಯಬೇಕು. ವ್ಯಾಪಾರ ಬಲ್ಲವರಿಗೇ ಅದರ ಮೇರೆ ಚೆನ್ನಾಗಿ ಗೊತ್ತಿರುತ್ತದೆ. ಭಾರತೀಯ ದರ್ಶನದ ಯಾವ ಪಠ್ಯಪುಸ್ತಕದಲ್ಲೂ ಸೇವಾಲಾಲರಿಗೆ ಒಂದು ಪ್ಯಾರಾ ಸಿಗುವುದಿಲ್ಲ. ಆ ಪಠ್ಯಗಳಲ್ಲಿ ದರ್ಶನವೆಂದರೆ ಸಂಸ್ಕೃತದಲ್ಲಿ ಬರೆದದ್ದು. ತಾಂಡಾದಲ್ಲಿ ಹಾಡಿದ್ದು ಜಾನಪದ. ಈ ವಿಂಗಡಣೆಯನ್ನು ಮುರಿದು ಓದಿದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' (1998) ಅಂಥದ್ದು. ದರ್ಗಾಗಳಿಗೆ ನಡೆದುಕೊಳ್ಳುವ ಸಾಮಾನ್ಯ ಜನರ ನಡುವೆ ಅನುಭಾವ ಹೇಗೆ ಜೀವಂತವಾಗಿದೆ ಎಂದು ಅದು ಊರೂರು ತಿರುಗಿ ತೋರಿಸಿತು.

ಹೊನ್ನಾಳಿ ನದಿಯ ಊರು. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಇಲ್ಲಿಗೆ ಬರುತ್ತಾರೆ. 1965ರಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟಿನ ನಾಲೆಗಳು ಈ ಸೀಮೆಯ ಅನ್ನವನ್ನೇ ಬದಲಾಯಿಸಿದವು. ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟಿನಲ್ಲಿ ಜೋಳ, ರಾಗಿ ತಿನ್ನುತ್ತಿದ್ದ ಮನೆಗಳಿಗೆ ಅಕ್ಕಿ ಬಂತು. ಆದರೆ ನಾಲೆಗೊಂದು ತಲೆಯಿದೆ, ಒಂದು ಬಾಲವಿದೆ. ತಲೆಯ ಕಡೆಯವರಿಗೆ ನೀರು ಮೊದಲು ತಲುಪುತ್ತದೆ. ಕೊನೆಯ ಭಾಗದವರು ಪ್ರತಿ ಬೇಸಿಗೆಯಲ್ಲೂ ರಸ್ತೆ ತಡೆ ಮಾಡುತ್ತಾರೆ. ಸಮತೆಯ ಬಗ್ಗೆ ನೂರು ಗ್ರಂಥ ಓದಿದವರಿಗೂ ನಾಲೆಯ ಕೊನೆಯಲ್ಲಿ ನಿಂತು ತೂಬಿಗಾಗಿ ಕಾಯುವವನ ತಿಳಿವಳಿಕೆ ಬರುವುದು ಕಷ್ಟ. 'ನ್ಯಾಯ' ಎಂಬುದು ನಮ್ಮ ಆರು ದರ್ಶನಗಳಲ್ಲಿ ಒಂದರ ಹೆಸರು. ಅಲ್ಲಿ ಅದಕ್ಕೆ ತರ್ಕವೆಂಬ ಅರ್ಥ. ಹೊನ್ನಾಳಿಯ ಗದ್ದೆಯಲ್ಲಿ ಸರದಿ ಎಂಬ ಅರ್ಥ. ಎರಡನೆಯ ಅರ್ಥ ನಿಘಂಟಿನಲ್ಲಿಲ್ಲದಿರಬಹುದು, ಆದರೆ ಅದಕ್ಕಾಗಿ ಜನ ರಾತ್ರಿಯಿಡೀ ನಿದ್ದೆಗೆಟ್ಟಿದ್ದಾರೆ.

ಕೊನೆಗೆ ಜಗಳೂರು. 1957 ಮತ್ತು 1967ರಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದ ಜೆ. ಮೊಹಮ್ಮದ್ ಇಮಾಮ್ ಅವರ ಊರು. ಇಲ್ಲಿ ನದಿಯಿಲ್ಲ, ನಾಲೆಯಿರಲಿಲ್ಲ. ಹತ್ತಿ, ಜೋಳ, ಸಿರಿಧಾನ್ಯಗಳಿದ್ದ ಹೊಲಗಳಿಗೆ ಮೆಕ್ಕೆಜೋಳ ಬಂದಿದೆ. ಅದರ ಹೆಚ್ಚಿನ ಪಾಲು ಕೋಳಿಗಳ ಮೇವಿಗೆ, ಕಾರ್ಖಾನೆಗಳ ಪಿಷ್ಟಕ್ಕೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಜನ ಕಾಫಿ ಸೀಮೆಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳಿಂದ ಅಳೆದು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು; ದಾವಣಗೆರೆ ಜಿಲ್ಲೆಯ ತಾಲೂಕುಗಳೂ ಅದರಲ್ಲಿದ್ದವು. ಆ ವರದಿಯನ್ನು ನಾವು ಮೂರನೆಯ ಕಪಾಟಿನ ಒಳ್ಳೆಯ ಪುಸ್ತಕಗಳಲ್ಲಿ ಒಂದೆಂದು ಎಣಿಸುತ್ತೇವೆ. ಅಂಕಿಗಳ ಹಿಂದೆ ಅಲ್ಲೊಂದು ನೈತಿಕ ಪ್ರಶ್ನೆಯಿತ್ತು: ಒಂದೇ ರಾಜ್ಯದ ಮಕ್ಕಳು ಹುಟ್ಟಿದ ತಾಲೂಕಿನ ಕಾರಣಕ್ಕೆ ಬೇರೆ ಬೇರೆ ಬದುಕು ಬದುಕಬೇಕೇ? ಈಗ ತುಂಗಭದ್ರೆಯಿಂದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಕಾರ್ಯರೂಪಕ್ಕೆ ಬಂದಿದೆ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ನೀರಿನ ವಿಷಯದಲ್ಲಿ ಘೋಷಣೆ 'ಯೋಗ'ವೂ ಅಲ್ಲ, 'ಕ್ಷೇಮ'ವೂ ಅಲ್ಲ.

ಅಮರ್ತ್ಯ ಸೇನ್ ತಮ್ಮ 1999ರ 'ಸ್ವಾತಂತ್ರ್ಯವಾಗಿ ಅಭಿವೃದ್ಧಿ' ಎಂಬ ಅರ್ಥದ ಹೆಸರಿನ ಗ್ರಂಥವನ್ನು ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿಯ ಪ್ರಶ್ನೆಯಿಂದ ಆರಂಭಿಸುತ್ತಾರೆ. ಭೂಮಿಯ ಸಂಪತ್ತೆಲ್ಲ ಸಿಕ್ಕರೆ ನನಗೆ ಅಮರತ್ವ ಸಿಗುತ್ತದೆಯೇ ಎಂದು ಅವಳು ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ ಯಾಜ್ಞವಲ್ಕ್ಯ. ಮೋಕ್ಷಕ್ಕೆ ಮೀಸಲಾಗಿದ್ದ ಈ ಸಂವಾದವನ್ನು ಸೇನರು ಅರ್ಥಶಾಸ್ತ್ರದ ಅಂಗಳಕ್ಕೆ ತಂದರು. ಆದಾಯಕ್ಕೂ ಮನುಷ್ಯ ನಿಜವಾಗಿ ಬದುಕಬಲ್ಲ ಬದುಕಿಗೂ ಇರುವ ಸಂಬಂಧವೇನು ಎಂದು ಅದನ್ನು ತಿರುಗಿಸಿ ಕೇಳಿದರು. ಮೊದಲ ಮತ್ತು ಮೂರನೆಯ ಕಪಾಟುಗಳನ್ನು ಜೋಡಿಸಿದ ಆಧುನಿಕ ಗ್ರಂಥಗಳಲ್ಲಿ ಇದು ಮುಖ್ಯವಾದದ್ದು. ಸೇನರ ಗೆಳೆಯ, ಪಾಕಿಸ್ತಾನದ ಮೆಹಬೂಬುಲ್ ಹಕ್ 1990ರಲ್ಲಿ ರೂಪಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವೂ ಇದೇ ದಾರಿಯದು. ಎರಡು ದೇಶಗಳು ಬಾಂಬಿನ ಲೆಕ್ಕದಲ್ಲಿದ್ದ ಕಾಲದಲ್ಲಿ ಅಲ್ಲಿಯವನೊಬ್ಬ, ಇಲ್ಲಿಯವನೊಬ್ಬ ಕೂತು ಆಯುಸ್ಸು, ಅಕ್ಷರ, ಆದಾಯಗಳ ಲೆಕ್ಕ ಹಾಕಿದರು.

ಆದರೂ ಒಂದು ತಕರಾರಿದೆ. ಆ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನಿಗೆ ಇಬ್ಬರು ಹೆಂಡತಿಯರು. ಪ್ರಶ್ನೆ ಕೇಳಿ ಅಮರಳಾದವಳು ಮೈತ್ರೇಯಿ. ಮನೆ, ಹಸು, ಹೊಲ ನೋಡಿಕೊಂಡು ಉಳಿದವಳು ಕಾತ್ಯಾಯನಿ. ಯಾವ ದರ್ಶನದ ಪುಸ್ತಕವೂ ಕಾತ್ಯಾಯನಿಯನ್ನು ಏನೂ ಕೇಳಲಿಲ್ಲ, ಸೇನರೂ ಕೇಳಲಿಲ್ಲ. ಜಗಳೂರಿನ ಬೀದಿಯಲ್ಲಿ ಕೊಡ ಸಾಲಿಟ್ಟು ಟ್ಯಾಂಕರಿಗೆ ಕಾಯುವ ಹೆಂಗಸು ಕಾತ್ಯಾಯನಿಯ ಬಳಗ. ಅವಳ ಪ್ರಶ್ನೆ ಮೈತ್ರೇಯಿಯ ಪ್ರಶ್ನೆಗೆ ತಿರುಗುಮುರುಗು: ಭೂಮಿಯ ಸಂಪತ್ತೆಲ್ಲ ಬೇಡ, ಸಾಯದೆ ಉಳಿಯಲು ಎಷ್ಟು ಬೇಕು, ಅದು ಯಾರ ಬಳಿ ಇದೆ? ಈ ಪ್ರಶ್ನೆಗೆ ಉತ್ತರ ಕೊಡುವವನು ಋಷಿಯಾಗಿದ್ದರೆ ಸಾಲದು. ಕೆರೆಗಳ ಪಟ್ಟಿ, ಒತ್ತುವರಿಯ ಸರ್ವೆ, ನಾಲೆಯ ಸರದಿ ಇವೆಲ್ಲ ಅವನಿಗೆ ಗೊತ್ತಿರಬೇಕು.

ನಮ್ಮ ಸಮುದಾಯದ ಕಪಾಟಿನ ಬಗ್ಗೆಯೂ ಒಂದು ಮಾತು. ಮಸೀದಿಗಳ ಹೊರಗೆ ಮಾರುವ ಪುಸ್ತಕಗಳಲ್ಲಿ ಬರಕತ್ತಿನ, ಸಾಲ ತೀರುವ, ರಿಜ್ಕ್ ಹೆಚ್ಚುವ ವಜೀಫಾಗಳ ಪುಸ್ತಕಗಳೇ ಹೆಚ್ಚು. ಪ್ರಾರ್ಥನೆಯ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾವಿ ತೋಡಿಸುವುದು ಸತ್ತ ಮೇಲೂ ಪುಣ್ಯ ತರುವ ಸದಕಾ ಎಂದು ಕಲಿಸಿದ, ಬಾವಿಯೊಂದನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟ ಉಸ್ಮಾನರನ್ನು ಆದರ್ಶವೆಂದ ಪರಂಪರೆ, ಕೊನೆಗೆ ತಾಯಿತದ ಪುಸ್ತಕವಾಗಿ ಕುಗ್ಗಿದರೆ ಅದು ಚಾಣಕ್ಯ ನೀತಿಗೆ ಬಂದ ಗತಿಯೇ. ಮದರಸಾದಲ್ಲಿ ಓದುವ ನಮ್ಮ ಹುಡುಗನಿಗೆ ಫಲಾಹ್ ಮತ್ತು ಫಲ್ಲಾಹ್ ಒಂದೇ ಬೇರಿನವು ಎಂದು ವ್ಯಾಕರಣದ ತರಗತಿಯಲ್ಲಿ ಹೇಳಿಕೊಡುತ್ತಾರೆ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ತನ್ನ ಊರಿನ ಕೆರೆಯ ಚರಿತ್ರೆಯನ್ನೂ ಅವನು ಓದುವಂತಾಗಬೇಕು. ಗುರುಕುಲದಲ್ಲಿ ಯೋಗಕ್ಷೇಮದ ಶ್ಲೋಕ ಕಲಿಯುವ ಹುಡುಗನೂ ಅಷ್ಟೇ.

ಹಾಗಾಗಿ ಓದುಗರಿಗೆ ನಮ್ಮ ಸೂಚನೆ ಸರಳ. ದರ್ಶನದ ಪುಸ್ತಕವನ್ನು ತೆರೆದಾಗ, ಇದನ್ನು ಬರೆದಾಗ ಊರಿನಲ್ಲಿ ಮಳೆಯಾಗಿತ್ತೇ ಎಂದು ಕೇಳಿ. ನೆಮ್ಮದಿಯ ಪುಸ್ತಕ ಕೈಗೆ ಬಂದಾಗ, ಈ ನೆಮ್ಮದಿಯ ಖರ್ಚು ಯಾರ ಲೆಕ್ಕದಲ್ಲಿದೆ ಎಂದು ಕೇಳಿ. ಆರ್ಥಿಕ ಚರಿತ್ರೆ ಓದುವಾಗ, ಈ ಅಂಕಿಯೊಳಗಿನ ಮನುಷ್ಯ ರಾತ್ರಿ ಏನು ಯೋಚಿಸುತ್ತಿದ್ದ ಎಂದು ಕೇಳಿ. ಈ ಪ್ರಶ್ನೆಗಳಿಗೆ ನಿಲ್ಲದ ಪುಸ್ತಕ ಎಷ್ಟೇ ಪ್ರಸಿದ್ಧವಾಗಿದ್ದರೂ ಅದನ್ನು ಕೆಳಗಿಡಬಹುದು. ನಿಲ್ಲುವ ಪುಸ್ತಕಗಳು ಕಡಿಮೆ. ಉಳಿದವನ್ನು ಈ ನಾಲ್ಕು ತಾಲೂಕುಗಳ ಕೆರೆ, ತಾಂಡಾ, ನಾಲೆ, ಬಯಲುಗಳ ನಡುವೆ ಬೆಳೆಯುತ್ತಿರುವ ಮಕ್ಕಳು ಬರೆಯಬೇಕಾಗಿದೆ. ಹೊಲವೂ ಅವರದು, ಪದವೂ ಅವರದು.